ಆಟಿಯ ಮೂರು ದಿನ

ಪ್ರತಿ ವರ್ಷ ಮಳೆ ಜೋರಾಗಿ ಹಿಡಿದುಕೊಂಡ ಮೇಲೆ ನನಗೊಂದು ಫೋನ್ ಬರುತ್ತದೆ. ಈ ವರ್ಷವೂ ಬಂತು. ಮಾತಾಡುವವರು ಬೇರೆ, ಮಾತು ಮಾತ್ರ ಅದೇ.

"ಟೀಚರೇ, ಉಡುಪಿಯಲ್ಲಿ ಆಟಿಯ ಪ್ರೋಗ್ರಾಮ್ ಉಂಟು. ನೀವು ಬಂದು ತುಳು ತಿಂಗಳುಗಳ ಬಗ್ಗೆ ಒಂದೈದು ನಿಮಿಷ ಹೇಳಬೇಕು. ಆಮೇಲೆ ಊಟ ಉಂಟು, ಹತ್ತಿಪ್ಪತ್ತು ಬಗೆ ಮಾಡಿಸಿದ್ದೇವೆ."

ಹತ್ತಿಪ್ಪತ್ತು ಬಗೆ, ಅದೂ ಆಟಿಯಲ್ಲಿ. ನಮ್ಮ ಮನೆಯಲ್ಲಿ ಆಟಿ ಎಂದರೆ ಅಕ್ಕಿಯ ಮಡಕೆಗೆ ಕೈ ಹಾಕಿದಾಗ ಬೆರಳಿಗೆ ಮಡಕೆಯ ತಳವೇ ಸಿಗುವ ತಿಂಗಳು. ಬೇಲಿಯ ಬದಿಯಲ್ಲಿ ತಾನಾಗಿ ಹುಟ್ಟಿದ ತಜಂಕಿನ ಸೊಪ್ಪು, ಮರಳಿನಲ್ಲಿ ಹೂತಿಟ್ಟ ಹಲಸಿನ ಬೀಜ, ಒಲೆಯ ಮೇಲೆ ಕಟ್ಟಿದ್ದ ಒಣಮೀನು, ಇಷ್ಟರಲ್ಲೇ ದಿನ ದೂಡಬೇಕಾಗಿತ್ತು. ಈಗ ಅದೇ ಸೊಪ್ಪಿನ ವಡೆಯನ್ನು ಟಿಶ್ಯೂ ಪೇಪರಿನಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಸಿಟ್ಟು ಬರುತ್ತದೆ. ಆದರೂ ಹೋಗುತ್ತೇನೆ, ಆ ಸಿಟ್ಟು ಬೇರೆ. ಮಣಿಪಾಲದ ಫ್ಲ್ಯಾಟಿನಿಂದ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿ, ಮೈಕಿನ ಮುಂದೆ ನಿಂತು, ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ, ನಿರ್ನಾಲ, ಬೊಂತೆಲ್, ಜಾರ್ದೆ, ಪೆರಾರ್ದೆ, ಪುಯಿಂತೆಲ್, ಮಾಯಿ, ಸುಗ್ಗಿ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತೇನೆ. ಚಪ್ಪಾಳೆ ಬೀಳುತ್ತದೆ. ಖಾಲಿ ಡಬ್ಬಗಳ ಮೇಲಿನ ಚೀಟಿ ಓದಿದ್ದಕ್ಕೆ ಚಪ್ಪಾಳೆ. ಇವತ್ತು ಆಟಿಯ ಎಷ್ಟನೆಯ ದಿನ, ಅದು ನಿಮಗೆ ಹೇಗೆ ಗೊತ್ತು ಎಂದು ಒಬ್ಬರಾದರೂ ಕೇಳುವುದಿಲ್ಲ. ಕೇಳಿದರೆ ನನ್ನಲ್ಲಿ ಉತ್ತರವೂ ಇಲ್ಲ. ಅದು ಗೊತ್ತಿದ್ದವಳು ನನ್ನ ಅಜ್ಜಿ. ಆ ವಿದ್ಯೆ ಅವಳಿಂದ ನನಗೆ ಬರಬೇಕಾಗಿತ್ತು, ಬರುವ ದಾರಿಯಲ್ಲೂ ಇತ್ತು. ಬಾರದಿದ್ದುದಕ್ಕೆ ಕಾರಣ ಕಾಲವೂ ಅಲ್ಲ, ಇಂಗ್ಲಿಷೂ ಅಲ್ಲ, ಹೆದ್ದಾರಿಯೂ ಅಲ್ಲ. ನಾನು.

ನಮ್ಮ ಮನೆ ಇದ್ದುದು ಎರ್ಮಾಳಿನಲ್ಲಿ, ಕಡಲಿಗೂ ರಸ್ತೆಗೂ ನಡುವೆ. ಪಡುವಣ ಜಗಲಿಯಲ್ಲಿ ಕೂತರೆ ಅಲೆಯ ಸದ್ದು, ಮೂಡಣ ಜಗಲಿಯಲ್ಲಿ ಕೂತರೆ ಬಸ್ಸಿನ ಹಾರ್ನ್. ನಡುವೆ ಒಂದು ಚಾವಡಿ, ಅದರ ಹಿಂದೆ ಅಡುಗೆಮನೆ, ಮೇಲೆ ಬಲೆ, ಹಗ್ಗ, ಮುರಿದ ಹುಟ್ಟು ತುಂಬಿದ ಅಟ್ಟ. ಅಳಿಯಕಟ್ಟಿನವರು ನಾವು, ಮನೆತನ ಹೆಣ್ಣಿನ ಕಡೆಯಿಂದ ನಡೆಯುವವರು; ಮನೆ ಅಜ್ಜಿಯದು, ಮಾತೂ ಅಜ್ಜಿಯದೇ. ಅಮ್ಮ, ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳಾದ ಜಲಜಕ್ಕ, ಅಮ್ಮನ ತಮ್ಮ ವಾಸು ಮಾವ, ಕೊನೆಗೆ ನಾನು. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಬೋಟು ದಡಕ್ಕೆ ಬಂದ ಮೇಲೆ ನಮ್ಮಲ್ಲಿಗೆ ಬಂದು, ಚಾವಡಿಯ ಮೂಲೆಯಲ್ಲಿ ಬಲೆ ಸರಿಮಾಡುತ್ತ ಕೂರುತ್ತಿದ್ದರು. ಹೆಂಡತಿಯ ತಾಯಿಮನೆಯಲ್ಲಿ ಗಂಡಸು ಎಷ್ಟು ಮಾತಾಡಬೇಕೋ ಅಷ್ಟೇ ಮಾತಾಡುತ್ತಿದ್ದರು. ಮನೆಯೊಳಗೆ ಎಲ್ಲರದೂ ತುಳು ತಿಂಗಳೇ. ಶಾಲೆಗೆ ಹೋಗುವ ನನಗೆ ಜನವರಿ ಫೆಬ್ರವರಿಯೂ ಬರುತ್ತಿತ್ತು. ಅದನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಒಳಗೆ ಬರಬೇಕಾಗಿತ್ತು.

ಅಜ್ಜಿಗೆ ತಿಂಗಳೆಂದರೆ ಕೆಲಸ. ಬೇಶ ಬಂತು ಎಂದಳೆಂದರೆ ಸೌದೆ ಒಳಗೆ ಹಾಕು, ಒಣಮೀನಿನ ಮಡಕೆಯ ಬಾಯಿಗೆ ಬಟ್ಟೆ ಕಟ್ಟು ಎಂದು ಅರ್ಥ. ಕಾರ್ತೆಲ್ ಎಂದರೆ ಪಡುವಣ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಬಿಗಿದು, ಆ ಕಡೆಯ ಬಾಗಿಲಿಗೆ ಅಡ್ಡ ಕೋಲು ಹಾಕಬೇಕು. ಇನ್ನು ಸೋಣದವರೆಗೆ ಕಡಲು ನಮ್ಮ ಮನೆಗೆ ಸದ್ದಾಗಿ ಮಾತ್ರ ಬರುತ್ತಿತ್ತು. ಪುಯಿಂತೆಲ್ ಮುಗಿಯುವಾಗ ಕೆಡ್ಡಸ. ಭೂಮಿತಾಯಿ ಮೂರು ದಿನ ಹೊರಗೆ ಕೂರುತ್ತಾಳೆ, ನೆಲಕ್ಕೆ ಹಾರೆ ಮುಟ್ಟಿಸಬಾರದು. ನಾನು ಹಿತ್ತಿಲಲ್ಲಿ ಸುಮ್ಮನೆ ಕಡ್ಡಿಯಿಂದ ಗೀಚಿದ್ದಕ್ಕೂ ಬೆನ್ನಿಗೆ ಬಿದ್ದದ್ದುಂಟು. ಪೆರಾರ್ದೆಯ ಬೆಳಿಗ್ಗೆ ಅಜ್ಜಿ ಬಾಗಿಲು ತೆಗೆದು, ಕೆನ್ನೆಯನ್ನು ಒಮ್ಮೆ ಈ ಕಡೆಗೆ ಒಮ್ಮೆ ಆ ಕಡೆಗೆ ತಿರುಗಿಸಿ ಗಾಳಿ ನೋಡುತ್ತಿದ್ದಳು. ಅಷ್ಟರಲ್ಲಿ ಅಂಗಳದ ಆಚೆ ಕೈರಂಪಣಿ ಬಲೆ ಎಳೆಯುವವರಲ್ಲಿ ಯಾರಾದರೂ ಬಂದು ನಿಂತಿರುತ್ತಿದ್ದರು.

"ಹೇಗೆ ಉಂಟು ಅಜ್ಜಿ ಇವತ್ತು?"

"ಗಾಳಿ ಮೂಡಣದ್ದು. ನೀರು ತಿಳಿ ಇರ್ತದೆ. ಬೇಗ ಬಲೆ ಹಾಕಿ, ಬಿಸಿಲೇರುವವರೆಗೆ ಕಾಯಬೇಡಿ."

ಅವಳ ಮಾತು ಎಷ್ಟು ಸಲ ನಿಜವಾಗುತ್ತಿತ್ತೋ ನನಗೆ ಗೊತ್ತಿಲ್ಲ. ಅವರು ಮರುದಿನವೂ ಬಂದು ಕೇಳುತ್ತಿದ್ದರು ಎಂಬುದಷ್ಟೇ ಗೊತ್ತು.

ಈ ರಾಜ್ಯಭಾರಕ್ಕೆ ಎದುರಾಳಿಯೆಂದರೆ ವಾಸು ಮಾವ. ಅವರು ಉಡುಪಿಯ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್. ಎಂಟು ಹನ್ನೆರಡಕ್ಕೆ ಸ್ಟ್ಯಾಂಡ್ ಬಿಡಬೇಕಾದ ಬಸ್ಸು ಎಂಟು ಹದಿನಾಲ್ಕಕ್ಕೆ ಬಿಟ್ಟರೆ ಹಿಂದಿನ ಬಸ್ಸಿನವನು ಕಾಲರ್ ಹಿಡಿಯಲು ಬರುತ್ತಾನೆ ಎನ್ನುವ ಲೋಕ ಅವರದು. ವಾಚಿಲ್ಲದೆ ಅವರು ಊಟಕ್ಕೂ ಕೂರುತ್ತಿರಲಿಲ್ಲ. ಒಂದು ವರ್ಷ ಬಸ್ಸಿನ ಧಣಿಗಳು ಕೊಟ್ಟ ಕ್ಯಾಲೆಂಡರನ್ನು ತಂದು ಚಾವಡಿಯಲ್ಲಿ ಕನ್ನಡಿಯ ಪಕ್ಕ ನೇತುಹಾಕಿದರು. ಅಂದಿನಿಂದ ಊಟದ ಹೊತ್ತಿಗೆ ಜಗಳ ಶುರು.

"ಅಮ್ಮ, ಇವತ್ತು ಸಂಕ್ರಮಣ. ಇಲ್ಲಿ ಬರೆದಿದ್ದಾರೆ ನೋಡಿ."

"ಬರೆದವನು ಎಲ್ಲಿಯವನು?"

"ಎಲ್ಲಿಯವನಾದರೆ ಎಂತ? ಓದಿದವನು."

"ಓದಿದವನಿಗೆ ಸಂಕ್ರಮಣ ನಾಳೆ ಅಂತ ಗೊತ್ತಿಲ್ಲವಾ?"

ಇದು ಬೊಂತೆಲ್ ತಿಂಗಳು ಹುಟ್ಟುವಾಗ ನಡೆದ ಮಾತು. ಸಂಕ್ರಮಣಕ್ಕೆ ಎಲ್ಲೂರಿನ ದೇವಸ್ಥಾನಕ್ಕೆ ಎಣ್ಣೆ, ಕಾಯಿ ಕೊಡುವುದು ನಮ್ಮ ಮನೆಯ ಪದ್ಧತಿ. ಮಾವ ಹಟಕ್ಕೆ ಅವತ್ತೇ ರಜೆ ಹಾಕಿ, ಶರ್ಟಿಗೆ ಇಸ್ತ್ರಿ ಹಾಕಿ ಹೋದರು. ಮಧ್ಯಾಹ್ನಕ್ಕೆ ಅದೇ ಕಾಯಿ, ಅದೇ ಎಣ್ಣೆ ಹಿಡಿದುಕೊಂಡು ವಾಪಸ್ ಬಂದರು. ಸೂರ್ಯ ರಾಶಿ ಬದಲಿಸುವುದು ಅವತ್ತು ಮುಳುಗಿದ ಮೇಲಂತೆ. ಹಾಗಾದರೆ ಲೆಕ್ಕ ಮರುದಿನಕ್ಕೆ ಹೋಗುತ್ತದೆ ಎಂದು ಅಲ್ಲಿಯ ಭಟ್ಟರು ಹೇಳಿದರಂತೆ. ಅಜ್ಜಿ ಗೆದ್ದ ಮುಖ ಮಾಡಲಿಲ್ಲ. ಕಾಯಿಯನ್ನು ತೆಗೆದು ದೇವರ ಮೂಲೆಯಲ್ಲಿಟ್ಟು, ನಾಳೆ ಪುನಃ ಹೋಗು ಎಂದಳು, ಅಷ್ಟೇ. ಆದರೆ ಮಾವ ಅವತ್ತಿನಿಂದ ತಿಂಗಳ ವಿಷಯದಲ್ಲಿ ಬಾಯಿ ಮುಚ್ಚಿಬಿಟ್ಟರು. ಆ ಕಾಯಿ ಅವತ್ತು ಎಲ್ಲೂರಿನಲ್ಲೇ ಒಡೆದಿದ್ದರೆ ಮುಂದಿನದ್ದೊಂದೂ ಆಗುತ್ತಿರಲಿಲ್ಲವೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ತಪ್ಪು ಮಾಡಿದವರಿಗೆ ಹೀಗೆ ಯಾರ ಯಾರ ಮೇಲೋ ಹಾಕುವ ಚಾಳಿ ಇರುತ್ತದೆ.

ಅಜ್ಜಿಯ ಲೆಕ್ಕ ಇದ್ದುದು ಅಡುಗೆಮನೆಯ ಗೋಡೆಯ ಹಲಗೆಯ ಮೇಲೆ, ಎರಡು ಗೆರಟೆಗಳಲ್ಲಿ. ತೆಂಗಿನಕಾಯಿಯ ಕರಟವನ್ನು ಉಜ್ಜಿ ಉಜ್ಜಿ ಕಪ್ಪು ಮಾಡಿದ್ದವು. ಎಡದ ಗೆರಟೆಯಲ್ಲಿ ಮರುವಾಯಿಯ ಚಿಪ್ಪುಗಳು, ಹೊಳೆಬಾಯಿಯಲ್ಲಿ ಆರಿಸಿ ತಂದು ತಿಂದು ಉಳಿದ ಚಿಪ್ಪುಗಳೇ. ಪ್ರತಿದಿನ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಎಡದಿಂದ ಒಂದು ಚಿಪ್ಪು ತೆಗೆದು ಬಲದ್ದಕ್ಕೆ ಹಾಕಬೇಕು. ಬಲದಲ್ಲಿ ಇರುವಷ್ಟು ದಿನ ಕಳೆಯಿತು. ಎಡದಲ್ಲಿ ಇರುವಷ್ಟು ಬಾಕಿ. ಯಾವ ತಿಂಗಳಿಗೆ ಇಪ್ಪತ್ತೊಂಬತ್ತು, ಯಾವುದಕ್ಕೆ ಮೂವತ್ತೆರಡು ಎಂಬುದು ಅವಳಿಗೆ ಬಾಯಿಪಾಠ. ಗೆರಟೆಯಲ್ಲಿ ಇಟ್ಟದ್ದನ್ನು ತಲೆಯಲ್ಲೂ ಯಾಕೆ ಇಡಬೇಕು ಎನ್ನುತ್ತಿದ್ದಳು. ಹಾಗಾಗಿ ನಡುವಿನ ದಿನಗಳನ್ನು ಅವಳು ಎಣಿಸುತ್ತಿರಲಿಲ್ಲ. ಅಕ್ಕನ ಮದುವೆಯಾಗುವವರೆಗೆ ಚಿಪ್ಪು ಹಾಕುವ ಕೆಲಸ ಅಕ್ಕನದು. ಎಲ್ಲೂರಿನಿಂದ ಕಾಯಿ ವಾಪಸ್ ಬಂದ ಮರುವರ್ಷದ ಪಗ್ಗುವಿನಲ್ಲಿ ಅಕ್ಕನನ್ನು ಕಾಪುವಿಗೆ ಕೊಟ್ಟರು. ಮದುವೆಯ ಚಪ್ಪರ ಬಿಚ್ಚಿದ ಮರುದಿನ ಅಜ್ಜಿ ನನ್ನನ್ನು ಕರೆದಳು. ಅವಳ ಎರಡೂ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ನನ್ನ ಮುಖ ಎಲ್ಲಿದೆ ಎಂದು ಕೈಯಿಂದ ಹುಡುಕಿ ಗಲ್ಲ ಹಿಡಿದಳು.

"ಈ ಮನೆಯಲ್ಲಿ ಒಬ್ಬರಾದರೂ ದಿನ ಇಟ್ಟುಕೊಳ್ಳಬೇಕು ಸುಮತಿ. ನಿನ್ನ ಅಮ್ಮನಿಗೆ ಪುರುಸೊತ್ತಿಲ್ಲ, ಜಲಜ ಹೋದಳು. ಇನ್ನು ನೀನು. ಈಗ ಚಿಪ್ಪು ಹಾಕು. ಉಳಿದದ್ದು ಮೆಲ್ಲ ಹೇಳಿಕೊಡ್ತೇನೆ."

ಹತ್ತು ವರ್ಷದ ನನಗೆ ರಾಣಿಯ ಕೀಲಿಕೈ ಕೊಟ್ಟ ಹಾಗಾಯಿತು. ಮೊದಲ ಮೂರು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಬೆಳಿಗ್ಗೆ ಅಜ್ಜಿ ಚಾಪೆಯಿಂದಲೇ ಕೇಳುತ್ತಿದ್ದಳು, ಹಾಕಿದಿಯಾ? ಹಾಕಿದೆ ಎನ್ನುತ್ತಿದ್ದೆ. ಚಿಪ್ಪು ಕರಟಕ್ಕೆ ಬೀಳುವ ಟಕ್ ಸದ್ದು ಕೇಳಿದ ಮೇಲೆಯೇ ಅವಳು ಏಳುವುದು.

ಕರ್ಕಾಟಕ ಸಂಕ್ರಮಣದ ಮುನ್ನಾದಿನ ಅಕ್ಕ ಬಂದಳು. ಹೊಸದಾಗಿ ಮದುವೆಯಾದವಳು ಮೊದಲ ಆಟಿಯನ್ನು ತಾಯಿಮನೆಯಲ್ಲೇ ಕಳೆಯಬೇಕು, ಆ ತಿಂಗಳು ಗಂಡ ಹೆಂಡತಿ ಒಂದು ಮನೆಯಲ್ಲಿ ಇರಬಾರದು ಎಂಬುದು ನಮ್ಮ ಕ್ರಮ. ಆಟಿ ಮುಗಿಯುವ ದಿನ ಗಂಡ ಬಂದು ಕರೆದುಕೊಂಡು ಹೋಗುತ್ತಾನೆ. ಮರುದಿನ ಸೋಣದ ಮೊದಲ ಬೆಳಿಗ್ಗೆ, ಗಂಡನ ಮನೆಯ ಹೊಸ್ತಿಲನ್ನು ಹೊಸ ಸೊಸೆಯೇ ತೊಳೆದು, ಶೇಡಿಮಣ್ಣಿನಿಂದ ಬಿಳಿ ಗೆರೆ ಬರೆದು, ಗರಿಕೆ, ಹೂವು ಇಟ್ಟು ಕೈಮುಗಿಯಬೇಕು. ಆ ಒಂದು ಬೆಳಿಗ್ಗೆಯಿಂದ ಅವಳು ಆ ಮನೆಯವಳು. ಇದೆಲ್ಲ ನನಗೂ ಗೊತ್ತಿತ್ತು. ಗೊತ್ತಿದ್ದದ್ದು ಮಕ್ಕಳಿಗೆ ಗೊತ್ತಿರುವ ಹಾಗೆ; ಬೇಕಾದಾಗ ಮಾತ್ರ.

ಆ ಆಟಿಯಷ್ಟು ಸುಖದ ತಿಂಗಳನ್ನು ನಾನು ಮತ್ತೆ ಕಾಣಲಿಲ್ಲ. ಹೊಟ್ಟೆಗೆ ಅರ್ಧ, ಮನಸ್ಸಿಗೆ ತುಂಬ. ಒಂದೇ ಚಾಪೆ, ಒಂದೇ ಕಂಬಳಿ. ಅಕ್ಕ ನನ್ನ ತಲೆಯ ಹೇನು ತೆಗೆಯುತ್ತ ಕಾಪುವಿನ ಕತೆ ಹೇಳುತ್ತಿದ್ದಳು: ಅಲ್ಲಿಯ ದೀಪಸ್ತಂಭ, ಗದರುವ ಅತ್ತೆ, ಮೀನಿನ ಮುಳ್ಳು ತೆಗೆದು ತನ್ನ ಬಟ್ಟಲಿಗೆ ಹಾಕುವ ಶೇಖರ ಬಾವ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆಮರದ ತೊಗಟೆಯ ಕಹಿ ಕಷಾಯ ಕುಡಿಯಲಾರದೆ ನಾನು ಅಡಗಿ ಕೂತಾಗ, ಅಕ್ಕ ತನ್ನ ಬಾಯಿಯ ಬೆಲ್ಲದಲ್ಲಿ ಅರ್ಧ ತೆಗೆದು ನನ್ನ ಬಾಯಿಗೆ ಹಾಕಿದಳು. ಅದಾಗಿ ಕೆಲವು ದಿನದ ಮೇಲೆ, ಒಂದು ಮಧ್ಯಾಹ್ನ, ಮಳೆ ಬಿಡದೆ ಹೊಯ್ಯುತ್ತಿರುವಾಗ, ಅಕ್ಕ ತನ್ನ ಟ್ರಂಕಿನ ಮುಂದೆ ಕೂತು ಸೀರೆ ಮಡಚುತ್ತಿದ್ದಳು. ಕಣ್ಣಲ್ಲಿ ನೀರಿತ್ತು.

"ಆಟಿ ಇನ್ನು ಎಷ್ಟು ದಿನ ಉಂಟು ಸುಮಾ?"

ನಾನು ಓಡಿಹೋಗಿ ಎಡದ ಗೆರಟೆ ಎಣಿಸಿ ಬಂದು, ಹನ್ನೊಂದು ಎಂದೆ. ಅಕ್ಕ ಮುಖ ತಿರುಗಿಸಿಕೊಂಡಳು. ನನಗೆ ಅಷ್ಟು ಸಾಕಾಯಿತು. ಅಕ್ಕನಿಗೆ ಹೋಗಲು ಇಷ್ಟವಿಲ್ಲ, ಆ ಗದರುವ ಅತ್ತೆಯ ಹೆದರಿಕೆ ಎಂದು ತೀರ್ಮಾನಿಸಿಬಿಟ್ಟೆ. ಅವಳನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಎಡದ ಗೆರಟೆಯಿಂದ ಚಿಪ್ಪು ತೆಗೆದೆ, ಮತ್ತೆ ಎಡಕ್ಕೇ ಹಾಕಿದೆ. ಟಕ್ ಎಂದಿತು. ಹಾಕಿದಿಯಾ? ಹಾಕಿದೆ. ಅಜ್ಜಿ ಎದ್ದಳು, ಒಲೆ ಹೊತ್ತಿತು, ಆಕಾಶ ಕಳಚಿ ಬೀಳಲಿಲ್ಲ. ಅಮಾವಾಸ್ಯೆಯಲ್ಲಿ ಮೋಸ ನಡೆಯುವುದಿಲ್ಲ, ಅದು ಆಕಾಶದಲ್ಲೇ ಕಾಣುತ್ತದೆ. ಆದರೆ ಆಟಿಯ ಇಪ್ಪತ್ತೆರಡಕ್ಕೂ ಇಪ್ಪತ್ತಮೂರಕ್ಕೂ ಆಕಾಶದಲ್ಲಿ ಏನೂ ವ್ಯತ್ಯಾಸವಿಲ್ಲ. ಎರಡೂ ದಿನ ಅದೇ ಮೋಡ, ಅದೇ ಮಳೆ. ಎರಡು ದಿನ ಬಿಟ್ಟು ಮತ್ತೊಮ್ಮೆ ಹಾಗೇ ಮಾಡಿದೆ. ಆಮೇಲೆ ಇನ್ನೊಮ್ಮೆ. ಆಟಿ ಆಡಾಡುತ್ತ ಹೋಗುತ್ತದೆ, ಸೋಣ ಓಡೋಡುತ್ತ ಹೋಗುತ್ತದೆ ಎಂದು ನಮ್ಮಲ್ಲಿ ಗಾದೆ. ಅಜ್ಜಿ ಒಂದು ದಿನ ಗಂಜಿ ಉಣ್ಣುತ್ತ, ಈ ಸಲದ ಆಟಿ ಎಂತ ಇಷ್ಟು ಉದ್ದ ಮಾರಾಯ್ತಿ ಎಂದು ಅಮ್ಮನೊಡನೆ ಹೇಳಿದಳು. ನನಗೆ ನಗು ಬಂತು. ಇವತ್ತು ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಶೇಖರ ಬಾವ ಬಂದದ್ದು ಒಂದು ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ. ಮೊಣಕಾಲವರೆಗೆ ನೆನೆದಿದ್ದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಹೊಸ ಕೊಡೆ. ಅಕ್ಕ ಒಳಗಿನಿಂದ ಇಣುಕಿ ನೋಡಿ, ನೋಡಿದ್ದು ಯಾರಿಗೂ ಗೊತ್ತಾಗದ ಹಾಗೆ ಹಿಂದೆ ಸರಿದಳು. ಅವತ್ತು ಮಾವನೂ ಮನೆಯಲ್ಲಿದ್ದರು. ಬಾವ ಜಗಲಿಯ ತುದಿಯಲ್ಲಿ ಕೂತು, ನೀರು ಕುಡಿದು, ಮೆಲ್ಲ ವಿಷಯ ತೆಗೆದರು.

"ಇವತ್ತು ಸಂಕ್ರಮಣ ಅಲ್ವಾ ಅಜ್ಜಿ. ಅಮ್ಮ ಕಳಿಸಿದರು. ನಾಳೆ ಬೆಳಿಗ್ಗೆ ಹೊಸ್ತಿಲು ಬರೆಯಲಿಕ್ಕೆ ಇವಳು ಬೇಕಲ್ಲ."

ಅಜ್ಜಿ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಎಡದ ಗೆರಟೆಯನ್ನು ಮಡಿಲಿಗೆ ಸುರಿದುಕೊಂಡು ಬೆರಳಿನಿಂದ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

"ಇಲ್ಲ ಮಗಾ. ಆಟಿ ಇನ್ನು ಮೂರು ದಿನ ಉಂಟು. ಆಟಿಯಲ್ಲಿ ಮದುಮಗಳನ್ನು ಹೊಸ್ತಿಲು ದಾಟಿಸುವ ಕ್ರಮ ಇಲ್ಲ."

"ನಮ್ಮಲ್ಲಿ ಎಲ್ಲರೂ ಇವತ್ತೇ ಅಂತ ಹೇಳ್ತಾರೆ ಅಜ್ಜಿ."

"ಹೇಳುವವರು ಹೇಳಲಿ. ನಿಮ್ಮ ಅಮ್ಮನಿಗೆ ಹೇಳಿ, ಹುಡುಗಿಗೂ ಹುಡುಗನಿಗೂ ಒಳ್ಳೆಯದಾಗಲಿ ಅಂತಲೇ ನಾನು ಕಳಿಸಲಿಲ್ಲ ಅಂತ."

ಮಾವ ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. ಅಲ್ಲಿ ಅವತ್ತಿನ ಚೌಕದೊಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದು ನನಗೂ ಓದಲು ಬರುತ್ತಿತ್ತು. ಮಾವ ಗಂಟಲು ಸರಿಮಾಡಿಕೊಂಡರು.

"ಅಮ್ಮ, ಇದರಲ್ಲಿ ಇವತ್ತೇ ಉಂಟು."

"ಆವತ್ತೂ ಇತ್ತು."

ಮಾವ ಕ್ಯಾಲೆಂಡರಿನಿಂದ ಈಚೆ ಸರಿದರು. ಅಪ್ಪ ತಲೆ ತಗ್ಗಿಸಿ ಬಲೆಯ ಕಣ್ಣು ಹೆಣೆಯುತ್ತಿದ್ದರು. ಅಮ್ಮ ಮಾತ್ರ ಒಮ್ಮೆ, ಆಚೆಮನೆಯವರಲ್ಲಿ ಕೇಳಿ ಬರಲಾ ಎಂದಳು. ಈ ಮನೆಯ ದಿನವನ್ನು ಆಚೆಮನೆಯಲ್ಲಿ ಕೇಳುವುದಾ ಎಂದಳು ಅಜ್ಜಿ. ನಾನು ಆಗ ಬಾಯಿ ತೆರೆಯಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಪೆಟ್ಟು ಬೀಳುತ್ತಿತ್ತು, ಎರಡು ದಿನ ಬೆನ್ನು ಉರಿಯುತ್ತಿತ್ತು, ಮುಗಿದುಹೋಗುತ್ತಿತ್ತು. ಬಾವ ಬಾಳೆಹಣ್ಣನ್ನು ಅಲ್ಲೇ ಬಿಟ್ಟು, ಕೊಡೆ ಬಿಡಿಸಿಕೊಂಡು, ಬಂದ ದಾರಿಯಲ್ಲೇ ಹೋದರು. ಅಡುಗೆಮನೆಗೆ ಬಂದು ನೋಡಿದರೆ ಅಕ್ಕ ಒಳ್ಳೆಯ ಸೀರೆ ಉಟ್ಟು, ಜಡೆಗೆ ಹೂ ಮುಡಿದು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಅಕ್ಕ, ನೀನು ಇನ್ನೂ ಮೂರು ದಿನ ಇಲ್ಲೇ" ಎಂದೆ.

"ಬಾಯಿ ಮುಚ್ಚು. ಒಂದು ತಿಂಗಳಿಂದ ಕಾಯ್ತಾ ಇದ್ದೇನೆ ನಾನು" ಎಂದಳು. ನನ್ನ ಕಡೆ ತಿರುಗಲೂ ಇಲ್ಲ.

ಮರುದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಅಜ್ಜಿ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ಅಂಗಳಕ್ಕೆ ಇಳಿದಳು, ಬಲಕ್ಕೆ ತಿರುಗಿ ಆಚೆಮನೆಯ ಮೆಟ್ಟಿಲವರೆಗೆ ನಡೆದಳು. ಆ ಮನೆಯ ಅಪ್ಪಿಯಕ್ಕ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಅಜ್ಜಿ ಏನೂ ಕೇಳಲಿಲ್ಲ. ಬಾಗಿ, ಅವರ ಹೊಸ್ತಿಲ ಮೇಲೆ ಬೆರಳಿಟ್ಟಳು. ಶೇಡಿ ಇನ್ನೂ ಹಸಿಯಿತ್ತು. ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು, ಹೆಬ್ಬೆರಳಿನಿಂದ ಉಜ್ಜಿದಳು.

"ಸೋಣ ಹುಟ್ಟಿತಾ ಅಪ್ಪೀ?"

"ಹೌದಲ್ಲ ಅಜ್ಜಿ. ಯಾಕೆ, ನಿಮ್ಮಲ್ಲಿ ಬರೆಯಲಿಲ್ಲವಾ?"

ವಾಪಸ್ ಬರುವಾಗ ನನ್ನ ಹೆಗಲ ಮೇಲಿನ ಕೈ ಭಾರವಾಗಿತ್ತು. ಮನೆಗೆ ಬಂದವಳೇ ಮಾವನನ್ನು ಕರೆದು, ಜಲಜಳನ್ನು ಮೊದಲ ಬಸ್ಸಿನಲ್ಲೇ ಬಿಟ್ಟು ಬಾ ಎಂದಳು. ಅವರು ತಲುಪುವಾಗ ಕಾಪುವಿನ ಹೊಸ್ತಿಲನ್ನು ಅಕ್ಕನ ಅತ್ತೆ ತಾವೇ ಬರೆದು ಮುಗಿಸಿದ್ದರು. ಸೊಸೆ ಅದನ್ನು ದಾಟುವಾಗ ಅವರು ಆಡಿದ ಮಾತನ್ನು ಮಾವ ನಮ್ಮ ಮುಂದೆ ಹೇಳಲಿಲ್ಲ. ಅಮ್ಮನಿಗೆ ಮಾತ್ರ ಹಿತ್ತಿಲಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಎರ್ಮಾಳಿನವರಿಗೆ ತಿಂಗಳು ಗೊತ್ತಿಲ್ಲವಾ, ಮಗಳನ್ನು ಬಿಡಲು ಮನಸ್ಸಿಲ್ಲವಾ ಎಂದಿದ್ದರು. ಮುಂದೆ ಎಷ್ಟೋ ವರ್ಷ, ಅನ್ನ ತಳ ಹಿಡಿದರೂ, ಮಗು ಕೆಮ್ಮಿದರೂ, ಮೊದಲ ಹೊಸ್ತಿಲು ಬರೆಯದವಳಿಂದ ಮತ್ತೇನಾಗುತ್ತದೆ ಎಂಬ ಮಾತು ಆ ಮನೆಯಲ್ಲಿ ಇದ್ದೇ ಇತ್ತು.

ಅವತ್ತು ಸಂಜೆ ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡಳು. ಸಿಕ್ಕಿಬಿದ್ದೆ ಎಂದುಕೊಂಡೆ. ಒಂದು ಲೆಕ್ಕದಲ್ಲಿ ಹಾಯೆನಿಸಿತು.

"ನೀನು ದಿನಾ ಹಾಕಿದ್ದೀಯಲ್ಲ ಮಗಾ?"

"ಹೂಂ."

"ನನಗೆ ಸದ್ದು ಕೇಳ್ತಿತ್ತು. ನಿನ್ನದು ಎಂತ ತಪ್ಪಿಲ್ಲ. ತಿಂಗಳು ಶುರುವಾಗುವಾಗ ನಾನೇ ಚಿಪ್ಪು ಹೆಚ್ಚು ಹಾಕಿರಬೇಕು. ಕಣ್ಣು ಹೋಯಿತು, ಇನ್ನು ತಲೆಯೂ ಹೋಗ್ತಾ ಉಂಟು. ಹೆದರಬೇಡ."

ನನ್ನನ್ನು ಅವಳು ಸಮಾಧಾನ ಮಾಡಿದಳು. ನಾನು ಸಮಾಧಾನ ಮಾಡಿಸಿಕೊಂಡೆ. ಎರಡು ದಿನ ಕಳೆದು ಚಿಪ್ಪುಗಳನ್ನು ಸುಣ್ಣ ಸುಡುವವನಿಗೆ ಕೊಟ್ಟಳು. ಆಮೇಲೆ ಬೆಳಿಗ್ಗೆ ಎದ್ದ ಕೂಡಲೆ ಕೇಳುತ್ತಿದ್ದ ಪ್ರಶ್ನೆ ಬೇರೆಯಾಯಿತು. ಗೋಡೆಯಲ್ಲಿ ಎಷ್ಟು ತಾರೀಕು ಉಂಟು ಮಗಾ ಎನ್ನುತ್ತಿದ್ದಳು. ನಾನು ಓದಿ ಹೇಳುತ್ತಿದ್ದೆ, ಒಂದು ದಿನವೂ ತಪ್ಪಿಲ್ಲದೆ. ಮಾವನಿಗೂ ಗೆದ್ದ ಖುಷಿ ಇರಲಿಲ್ಲ. ಮುಂದಿನ ವರ್ಷ ದೊಡ್ಡ ಅಂಕಿಯ ಕ್ಯಾಲೆಂಡರ್ ತಂದರು, ಅಜ್ಜಿಗೆ ಕಾಣಲಿ ಎಂದು. ಕಾಣುವಂತಿರಲಿಲ್ಲ. ಪೆರಾರ್ದೆ ಬಂದಾಗ ಬಲೆಯವರು ಬಂದು ಅಂಗಳದ ಆಚೆ ನಿಂತರು. ಅಜ್ಜಿ ಒಳಗಿನಿಂದಲೇ, ನನಗೆ ಈಗ ಎಂತದ್ದೂ ಗೊತ್ತಾಗುವುದಿಲ್ಲ, ರೇಡಿಯೋದಲ್ಲಿ ಕೇಳಿ ಎಂದಳು. ಒಂದು ವಾರ ಬಂದರು, ಆಮೇಲೆ ನಿಲ್ಲಿಸಿದರು. ಗಾಳಿಯ ಲೆಕ್ಕ, ನೀರಿನ ಲೆಕ್ಕ, ಯಾವ ತಿಂಗಳಿಗೆ ಎಷ್ಟು ದಿನ, ಮೆಲ್ಲ ಹೇಳಿಕೊಡ್ತೇನೆ ಎಂದದ್ದನ್ನೆಲ್ಲ ಅವಳು ಹೇಳಿಕೊಡಲಿಲ್ಲ. ತನ್ನ ತಲೆಯನ್ನೇ ನಂಬದವಳು ಇನ್ನೊಬ್ಬರ ತಲೆಗೆ ಏನು ತುಂಬುತ್ತಾಳೆ? ಹಾಗೆಯೇ ಏಳೆಂಟು ವರ್ಷ ಬದುಕಿದಳು. ಪ್ರತಿ ಬೆಳಿಗ್ಗೆ ನಿಜ ಹೇಳಲು ನನಗೆ ಅವಕಾಶವಿತ್ತು. ನಾನು ತಾರೀಕು ಹೇಳಿದೆ.

ಕಳೆದ ತಿಂಗಳು ಕಾಪುವಿಗೆ ಹೋಗಿದ್ದೆ. ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಶೇಖರ ಬಾವ ಹೋಗಿ ನಾಲ್ಕು ವರ್ಷ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಅಕ್ಕ ಹಿಂದಿನ ಕಟ್ಟೆಯಲ್ಲಿ ಕೂತು ಬಂಗುಡೆ ಕೊಯ್ಯುತ್ತಿದ್ದಳು. ಎಷ್ಟು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದೆನೋ, ಅವತ್ತು ಯಾಕೆ ಹೊರಗೆ ಬಂತೋ ತಿಳಿಯದು. ಇಬ್ಬರೂ ಮುದುಕಿಯರಾದೆವು, ಇನ್ನು ನಕ್ಕುಬಿಡುತ್ತಾಳೆ ಎಂಬ ಧೈರ್ಯವಿದ್ದಿರಬೇಕು.

"ಅಕ್ಕ, ಆ ವರ್ಷ ಆಟಿಯಲ್ಲಿ ಲೆಕ್ಕ ತಪ್ಪಿದ್ದು ಅಜ್ಜಿಗಲ್ಲ. ಮೂರು ದಿನ ಚಿಪ್ಪು ನಾನೇ ಹಾಕಲಿಲ್ಲ."

ಅವಳ ಕೈಯ ಮೀನು ಮುಗಿಯುವವರೆಗೆ ಕತ್ತಿ ನಿಲ್ಲಲಿಲ್ಲ.

"ಯಾಕೆ?"

"ನೀನು ಹೋಗಬಾರದು ಅಂತ."

ಅಕ್ಕ ನಗಲಿಲ್ಲ. ಇನ್ನೊಂದು ಮೀನು ತೆಗೆದುಕೊಂಡಳು.

"ಅತ್ತೆಯ ಮಾತು ಬಿಡು. ಅವರು ಉಪ್ಪು ಹೆಚ್ಚಾದರೂ ಹೇಳುತ್ತಿದ್ದರು, ಕಡಿಮೆಯಾದರೂ ಹೇಳುತ್ತಿದ್ದರು. ನನಗೆ ಅಭ್ಯಾಸ ಆಗಿಹೋಯಿತು. ಅಜ್ಜಿ ಸಾಯುವ ಹಿಂದಿನ ವಾರ ನಾನು ಬಂದಿದ್ದೆ. ನೀನು ಕಾಲೇಜಿಗೆ ಹೋಗಿದ್ದೆ. ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡಳು. ಜಲಜಾ, ನನ್ನ ತಲೆ ಸರಿ ಇರಲಿಲ್ಲ, ನಿನ್ನ ಮೊದಲ ಸೋಣ ನಾನು ಹಾಳು ಮಾಡಿದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಮಗಾ ಅಂತ ಹೇಳಿದಳು. ಅಜ್ಜಿ ಯಾರದ್ದಾದರೂ ಕೈ ಹಿಡಿದು ಹಾಗೆ ಹೇಳಿದ್ದು ನೀನು ನೋಡಿದ್ದೀಯಾ?"

"ಇಲ್ಲ."

"ನಾನೂ ನೋಡಿರಲಿಲ್ಲ. ನಾನು ಎಂತ ಹೇಳಿದೆ ಗೊತ್ತುಂಟಾ? ಇರಲಿ ಅಜ್ಜಿ, ನಾನು ಕ್ಷಮಿಸಿದ್ದೇನೆ ಅಂತ ಹೇಳಿದೆ."

ಅಕ್ಕ ಎದ್ದಳು. ಮೀನು ತೊಳೆದಳು, ಮಸಾಲೆ ಅರೆದಳು, ಒಲೆಯ ಮೇಲಿಟ್ಟಳು. ಮನೆಯೆಲ್ಲ ಸಾರಿನ ಪರಿಮಳ. ನಾನು ಚಾವಡಿಯ ಕುರ್ಚಿಯಲ್ಲಿ ಕೂತಿದ್ದೆ. ಒಂದು ಗಂಟೆಗೆ ಅಕ್ಕ ಒಂದೇ ಬಟ್ಟಲು ತೆಗೆದು, ಅನ್ನ ಬಡಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಊಟಕ್ಕೆ ಕೂತಳು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು, ಹೋಗಿ ಬರ್ತೇನೆ ಅಕ್ಕ ಎಂದೆ. ಊಟ ಮಾಡಿ ಹೋಗು ಎಂದು ಅವಳು ಹೇಳಲಿಲ್ಲ.